ಸೋರುವ ದಂಬೆಯ ಕೆಳಗೆ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನವರು ಊರಿನ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಬೇಕಲ ಕೋಟೆ. ಕೋಟೆ, ಕಡಲು, ಸೂರ್ಯಾಸ್ತ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಟೂರಿಗೆ ಬಂದವರೂ ಬರೆಯುತ್ತಾರೆ. ನಮ್ಮ ಹಿತ್ತಿಲನ್ನು ನಾವೇ ಬರೆಯಬೇಕು, ಅಲ್ವಾ?

ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗ ಗೊತ್ತು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ತರುವುದು. ಪಂಪು ಬೇಡ, ಕರೆಂಟು ಬೇಡ. ಒಬ್ಬ ಬಾಗಿ ಪಿಕ್ಕಾಸು ಬೀಸುವಷ್ಟೇ ಜಾಗ. ಹೊರಗೆ ಬಂದ ನೀರು ಹಿಂದೆಲ್ಲ ಅಡಿಕೆ ಮರದ ದಂಬೆಯಲ್ಲಿ, ಅಂದರೆ ಸೀಳಿ ಒಳಗು ತೆಗೆದ ಕಾಂಡದಲ್ಲಿ, ಮನೆಯ ಹತ್ತಿರಕ್ಕೆ ಬರುತ್ತಿತ್ತು. ಒಂದು ದಂಬೆ ಇನ್ನೊಂದಕ್ಕೆ ಸೇರುವಲ್ಲಿ ಸೋರುವುದು ಗ್ಯಾರಂಟಿ. ಏನು ತುರುಕಿದರೂ ಸೋರುತ್ತದೆ. ಅಲ್ಲಿ ನೆಲ ಯಾವಾಗಲೂ ಹಸಿ. ಹಸಿ ಇದ್ದಲ್ಲಿ ತಿಮರೆ, ಅಂದರೆ ಒಂದೆಲಗ, ಹಬ್ಬುತ್ತದೆ. ಹಿಡಿಯಷ್ಟು ಚಿವುಟಿ ತಂದು, ತೆಂಗಿನತುರಿ ಜೊತೆ ಅರೆದು ಮಜ್ಜಿಗೆ ಸೇರಿಸಿದರೆ ಮಧ್ಯಾಹ್ನಕ್ಕೆ ತಂಬುಳಿ ಆಯಿತು. ಈಗ ಪೈಪು ಬಂದಿದೆ, ಸೋರುವುದಿಲ್ಲ. ಒಳ್ಳೆಯದೇ. ತಿಮರೆಯನ್ನು ಚಟ್ಟಿಯಲ್ಲಿ ನೆಟ್ಟು ನೀರು ಹಾಕುತ್ತೇವೆ.

ಇಷ್ಟನ್ನು ಬರೆಯಲು ‘ಸುಂದರ’, ‘ರಮಣೀಯ’ ಯಾವುದೂ ಬೇಡ. ನೀರು ಎಲ್ಲಿ ಬಿತ್ತು, ಯಾರು ಬೈದರು, ಯಾರು ಚಿವುಟಿದರು, ಅಷ್ಟು ಸಾಕು. ಹಾಗಂತ ಕಷ್ಟಕ್ಕೆ ಬಣ್ಣ ಹಚ್ಚುವುದೂ ನನಗೆ ಹಿಡಿಸುವುದಿಲ್ಲ. ಮೇ ತಿಂಗಳಲ್ಲಿ ಸುರಂಗದ ನೀರು ನೂಲಿನಷ್ಟಾಯಿತೇ? ಕೊಡ ತುಂಬಲು ಎಷ್ಟು ಹೊತ್ತು ಕಾಯಬೇಕಾಯಿತು? ಅದನ್ನೂ ಬರೆಯಿರಿ.

ನೋಡುವ ಕಣ್ಣು ನಮಗೆ ಹೊಸದಲ್ಲ. ಸುಲಿದ ಅಡಿಕೆಯನ್ನು ಗಾರ್ಬಲ್ ಮಾಡುವಾಗ, ಅಂದರೆ ಆರಿಸಿ ವಿಂಗಡಿಸುವಾಗ, ಒಳ್ಳೆಯದೆಲ್ಲ ಒಂದೇ ರಾಶಿಗೆ ಹೋಗುತ್ತದೆ. ಕೆಳದರ್ಜೆಯ ಪಟೋರ, ಕೋಕ, ಕರಿಗೋಟು ಬೇರೆ ಬೇರೆ ರಾಶಿಗೆ. ಒಡೆದದ್ದನ್ನೂ ಕಪ್ಪಾದದ್ದನ್ನೂ ಇಷ್ಟು ಗಮನವಿಟ್ಟು ನೋಡುವವರಿಗೆ ಬರೆಯಲು ವಿಷಯ ಇಲ್ಲ ಅಂದರೆ ನಾನು ನಂಬುವುದಿಲ್ಲ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ, ನೂರು ವರ್ಷ ಬಾಳಿದವರು. ಶಾಲೆಯಲ್ಲಿ ಪಾಠ ಮಾಡಿದರು, ತೋಟದಲ್ಲಿ ದುಡಿದರು, ಕವಿತೆಯನ್ನೂ ಬರೆದರು. ನಮಗೆ ಪುರುಸೊತ್ತಿಲ್ಲವಂತೆ!

ಭಾಷೆಯ ಚಿಂತೆಯೂ ಸುಮ್ನೆ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿತು. ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ. ಕನ್ನಡ ವಾಕ್ಯದೊಳಗೆ ತುಳು ಮಾತೊಂದು ನುಗ್ಗಿದರೆ ಇರಲಿ ಬಿಡಿ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟ ಖಾಲಿಯೇ ಇರುತ್ತದೆ, ಅಲ್ಲೇ ಶುರು ಮಾಡಿ. ಬರೆದದ್ದನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಓದಿ ಹೇಳಿ. ‘ತಂಬುಳಿಗೆ ಜೀರಿಗೆ ಅಲ್ಲ, ಕಾಳುಮೆಣಸು ಹಾಕುತ್ತಿದ್ದದ್ದು’ ಅಂತ ಅಜ್ಜಿ ಜಗಳಕ್ಕೆ ಬಂದರೆ, ಆ ಜಗಳವನ್ನೂ ಬರೆದುಕೊಳ್ಳಿ.

ನಮಸ್ಕಾರ.