ಟಿಕೆಟ್ ಆಮೇಲೆ, ಮೊದಲು ಆ ಊರಿನವರಿಗೊಂದು ಫೋನ್ ಮಾಡಿ

ನಮಸ್ಕಾರ, ಬನ್ನಿ. ಇವತ್ತು ಸ್ವಲ್ಪ ಬೈಯುವ ಮೂಡಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಹೋದ ವಾರ ನಾನು ಹೇಳಿದ್ದು ಇಷ್ಟೇ. ಕರಾವಳಿ ಕಡೆ ಸುತ್ತಾಡುವ ಆಸೆ ಇದ್ದರೆ, ಅಲ್ಲಿಯ ವಿಷಯ ಗೊತ್ತಿರುವ ಒಬ್ಬರನ್ನು ಹಿಡಿದು ಪ್ಲಾನ್ ಮಾಡಿಸಿಕೊಳ್ಳಿ, ಟಿಕೆಟ್ ಗಿಕೆಟ್ ಎಲ್ಲ ಆಮೇಲೆ. ಅದಕ್ಕೊಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ: "ಬ್ರೋ, ಯಾವ ಕಾಲದಲ್ಲಿದ್ದೀರಾ? ಎಐಗೆ ಕೇಳಿದೆ, ಹತ್ತು ಸೆಕೆಂಡಲ್ಲಿ ಪ್ಲಾನ್ ರೆಡಿ, ಅದೂ ಫ್ರೀ." ಕೆಳಗೆ ಆ ಪ್ಲಾನನ್ನೂ ಅಂಟಿಸಿದ್ದಾರೆ. ಜುಲೈ ತಿಂಗಳು, ಮಂಗಳೂರು, ಉಡುಪಿ, ಮೂರು ದಿನ. ಎರಡನೇ ದಿನ ಸಂಜೆ 7 ಗಂಟೆಗೆ ಭೂತಕೋಲ, ಅಂದರೆ ತುಳುನಾಡಿನ ದೈವಾರಾಧನೆ. 8:30ಕ್ಕೆ ಬೀಚ್ ಪಕ್ಕದಲ್ಲಿ ತಾಜಾ ಮೀನಿನ ಊಟ.

ಜುಲೈನಲ್ಲಿ ಭೂತಕೋಲ! ಅದೂ ಒಂದೂವರೆ ಗಂಟೆಯಲ್ಲಿ ಮುಗಿಸಿ ಊಟಕ್ಕೆ ಹೊರಡಬೇಕಂತೆ.

ಪುತ್ತೂರು ಕಡೆಯ ನನ್ನ ಗೆಳೆಯರಿಗೆ ಫೋನ್ ಮಾಡಿ ಇದನ್ನು ಓದಿ ಹೇಳಿದೆ. ಆ ಕಡೆಯಿಂದ ಒಂದು ನಿಮಿಷ ಬರೀ ನಗು. "ಎಂತ ಮಾರಾಯ್ರೇ, ಪತ್ತನಾಜೆ ಕಳೆದು ಎಷ್ಟು ಸಮಯ ಆಯ್ತು! ಈ ಮಳೆಗೆ ಯಾರು ಕೋಲ ಕೊಡುವುದು?"

ಪತ್ತನಾಜೆ ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ. ಹೆಚ್ಚುಕಮ್ಮಿ ಮೇ 24, 25ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಕೋಲ, ನೇಮಗಳಿಗೆ ವಿರಾಮ. ಊರೂರು ತಿರುಗುವ ಯಕ್ಷಗಾನ ಮೇಳದವರೂ ಅವತ್ತಿಗೆ ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಶುರುವಾಗುವುದು ದೀಪಾವಳಿ ಹೊತ್ತಿಗೆ. ಕಂಬಳದ ಕೋಣಗಳು ಕರೆಗೆ, ಅಂದರೆ ಓಟದ ಕೆಸರು ಗದ್ದೆಗೆ, ಇಳಿಯುವುದೂ ನವೆಂಬರ್ ಮೇಲೆಯೇ. ಇನ್ನು ತಾಜಾ ಮೀನು ಅಂದರಲ್ಲ, ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತೆಯೇ ಇಲ್ಲ, ಮೀನು ಮರಿ ಮಾಡುವ ಕಾಲ ಅಂತ ನಿಷೇಧ ಇರುತ್ತದೆ. ನಾಡದೋಣಿಯವರು ತಂದಷ್ಟೇ ತಾಜಾ, ಉಳಿದದ್ದು ಐಸಿನಿಂದ ಎದ್ದು ಬಂದದ್ದು.

ಅಂದರೆ ಆ ಹತ್ತು ಸೆಕೆಂಡಿನ ಪ್ಲಾನಿನಲ್ಲಿ ಸರಿಯಾಗಿದ್ದದ್ದು ಡಿನ್ನರ್ ಟೈಮ್ ಒಂದೇ.

ಅದಕ್ಕೇ ಹೇಳುವುದು, ಮೊದಲು ಫೋನ್ ಮಾಡಿ. ಬಸ್ ಬುಕ್ ಮಾಡುವ ಮೊದಲು, ರೂಮ್ ನೋಡುವ ಮೊದಲು, ಆಫೀಸಿನಲ್ಲಿ ರಜೆ ಹಾಕುವ ಮೊದಲು.

(ಹೊಸದಾಗಿ ಬಂದವರು ಸಬ್‌ಸ್ಕ್ರೈಬ್ ಮಾಡಿ. ನೋಡುವವರಲ್ಲಿ ಮುಕ್ಕಾಲು ಜನ ಮಾಡಿಲ್ಲ ಅಂತ ನನ್ನ ಎಡಿಟರ್ ದಿನಾ ಅಳುತ್ತಾನೆ.)

ಆಮೇಲೆ ಆ ಗೆಳೆಯರು ಏನು ಮಾಡಿದರು ಗೊತ್ತಾ? ನಕ್ಕು ಫೋನ್ ಇಡಲಿಲ್ಲ. "ಜುಲೈಯಲ್ಲೇ ಬರ್ತಾರಂತಾ? ಯಾರೆಲ್ಲ ಉಂಟು? ಹಿರಿಯರಿದ್ದಾರಾ? ತಿನ್ನುವುದರಲ್ಲಿ ಆಸಕ್ತಿ ಉಂಟಾ, ನೋಡುವುದರಲ್ಲಾ?" ಎಂದು ಶುರು ಮಾಡಿದರು. ನೋಡಿ, ಪ್ಲಾನ್ ಅನ್ನುವುದು ಇಲ್ಲಿಂದ ಶುರುವಾಗಬೇಕು. ಜುಲೈ ಮಧ್ಯದಿಂದ ಅಲ್ಲಿ ಆಟಿ ತಿಂಗಳು. ಆಟಿ ಕಳೆಂಜ ಎಂಬ ಜನಪದ ವೇಷ ಓಲೆ ಕೊಡೆ ಹಿಡಿದು ಮನೆ ಮನೆಗೆ ಬರುವ ಕಾಲ. ಪತ್ರೊಡೆ, ಕಣಿಲೆ (ಎಳೆ ಬಿದಿರು), ತಜಂಕಿನ ಸೊಪ್ಪಿನ ಪಲ್ಯ ಎಲ್ಲ ಆಗಲೇ. ಮೇಳಗಳ ತಿರುಗಾಟ ನಿಂತಿದ್ದರೂ ಹಾಲ್‌ಗಳಲ್ಲಿ ಮಳೆಗಾಲದ ಯಕ್ಷಗಾನ ಆಟ ಇರುತ್ತದೆ, ತಾಳಮದ್ದಳೆ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥಧಾರಿಗಳು ಮಾತಿನಲ್ಲಿ ಹೊಡೆದಾಡುವುದನ್ನು ಕೇಳಿದರೆ ನಮ್ಮ ಟಿವಿ ಡಿಬೇಟ್‌ನವರು ಕೆಲಸ ಬಿಡುತ್ತಾರೆ.

ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕಷಾಯ ಕುಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಕಷಾಯ. ಕಹಿ ಅಂದರೆ ಎಂಥ ಕಹಿ! ಹಿಂದೆಯೇ ಹೊಟ್ಟೆಗೆ ತಂಪು ಅಂತ ಮೆಂತೆ ಗಂಜಿ. ಇಲ್ಲೊಂದು ಮುಖ್ಯ ವಿಷಯ. ಪಾಲೆ ಅಂದುಕೊಂಡು ಕಾಸರ್ಕನ ಮರದ ತೊಗಟೆ ತಂದರೆ ಅದು ವಿಷ. ಹಾಗೆ ಮರ ತಪ್ಪಿ ಎಡವಟ್ಟಾದ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಈಗ ಹೇಳಿ ಬ್ರೋ, ಬೆಳಗಿನ ಜಾವ ಕತ್ತಲೆಯಲ್ಲಿ ಮೊಬೈಲ್ ಹಿಡಿದು ಮರ ಗುರುತಿಸುತ್ತೀರಾ, ಇಲ್ಲ ಮರ ಗೊತ್ತಿರುವ ಅಜ್ಜನ ಹಿಂದೆ ಹೋಗುತ್ತೀರಾ?

ಕೋಲವನ್ನೇ ನೋಡಬೇಕು ಅಂತಿದ್ದರೆ ಡಿಸೆಂಬರ್ ಮೇಲೆ ಹೋಗಿ. ಆದರೆ ಅದು ಶೋ ಅಲ್ಲ. ಕಾಂತಾರ ಸಿನಿಮಾ ಬಂದ ಮೇಲೆ ಎಲ್ಲರಿಗೂ ಅದೊಂದು ಭ್ರಮೆ. ಅದು ಒಂದು ಕುಟುಂಬದ್ದು, ಒಂದು ಊರಿನದು. ದೈವ ಕಟ್ಟುವವರಿಗೆ ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಕೊಡುವುದರಿಂದ ಹಿಡಿದು ಎಲ್ಲಕ್ಕೂ ಕ್ರಮ ಇದೆ. ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಳ್ಳುವಾಗಲೇ ದೈವದ ಕಥೆ ಹೇಳುವ ಪಾಡ್ದನದ ಹಾಡು ಶುರುವಾಗಿರುತ್ತದೆ. ಆಮೇಲೆ ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಆಮೇಲೆ ಕಾಲಿಗೆ ಗಗ್ಗರ. ಹೊತ್ತು ಅದರ ಪಾಡಿಗೆ ಹೋಗುತ್ತದೆ, ನಿಮ್ಮ ಡಿನ್ನರಿಗೆ ಅದು ಕಾಯುವುದಿಲ್ಲ. ಎಲ್ಲಿ ನಿಲ್ಲಬೇಕು, ಫೋಟೊ ತೆಗೆಯಬಹುದಾ, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಹೇಳುವವರು ಜೊತೆಗಿದ್ದರೆ ನೀವು ಅತಿಥಿ. ಇಲ್ಲದಿದ್ದರೆ ಹಿರಿಯರ ಮುಖಕ್ಕೆ ಫ್ಲ್ಯಾಶ್ ಹೊಡೆಯುವ ಇನ್ನೊಬ್ಬ ರೀಲ್ಸ್ ಗಿರಾಕಿ.

ಯಕ್ಷಗಾನದ ಕಥೆಯೂ ಇದೇ. ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಆಟ ಆಡಿಸುವುದು ಹರಕೆ ಹೊತ್ತವರು, ನೋಡುವವರಿಗೆ ದುಡ್ಡಿಲ್ಲ, ಎಷ್ಟೋ ಕಡೆ ಊಟವನ್ನೂ ಹಾಕುತ್ತಾರೆ. ಇವತ್ತು ಯಾರ ಮನೆಯ ಗದ್ದೆಯಲ್ಲಿ ಅನ್ನುವುದು ಊರಿನವರಿಗೆ ಗೊತ್ತು. ನಿಮ್ಮನ್ನು ಸಂಜೆಯೇ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಜಾಗಕ್ಕೆ, ಕರೆದುಕೊಂಡು ಹೋಗುವವರೂ ಅವರೇ. ಅಲ್ಲಿ ಬಣ್ಣದ ವೇಷದವರು ಕನ್ನಡಿ ಮುಂದೆ ಕೂತು, ಅಕ್ಕಿ ಹಿಟ್ಟು ಸುಣ್ಣ ಕಲಸಿಟ್ಟುಕೊಂಡು, ಸಣ್ಣ ಕಡ್ಡಿಯಿಂದ ಮುಖದ ಮೇಲೆ ಮುಳ್ಳಿನಂಥ ಬಿಳಿ ಚುಟ್ಟಿ ಒಂದೊಂದೇ ಇಡುತ್ತಾರೆ. ಗಂಟೆಗಟ್ಟಲೆ ಕೆಲಸ. ಆ ಮುಖ ನಿಧಾನಕ್ಕೆ ರಾಕ್ಷಸನಾಗುವುದನ್ನು ನೋಡಿದ ಮೇಲೆ ನನಗೆ ರಂಗಸ್ಥಳಕ್ಕಿಂತ ಚೌಕಿಯೇ ಹೆಚ್ಚು ಇಷ್ಟ. ಇದು ನಿಮ್ಮ ಟಾಪ್ 10 ಪಟ್ಟಿಯಲ್ಲಿ ಬರುತ್ತದಾ?

ಮೊದಲು ಫೋನ್ ಮಾಡಿ ಮಾರಾಯ್ರೇ! ನೋಡಿ, ನನಗೂ ಅಂಟಿಕೊಂಡಿತು.

ಇನ್ನೊಬ್ಬರು ಹೇಳುತ್ತಾರೆ, "ಸರ್, ಹೋದಲ್ಲಿ ಗೈಡ್ ಸಿಗುತ್ತಾರಲ್ಲ." ಸಿಗುತ್ತಾರೆ, ಬಾಗಿಲಲ್ಲಿ. ಅಷ್ಟರಲ್ಲಿ ನಿಮ್ಮ ದಿನ ಅರ್ಧ ಹಾಳಾಗಿರುತ್ತದೆ. ಬೆಂಗಳೂರಿನಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನ ಅಂತ ಪ್ಯಾಕೇಜ್ ಮಾಡುತ್ತಾರಲ್ಲ, ಅಂಥದ್ದೊಂದರಲ್ಲಿ ನಾನೂ ಹೋಗಿದ್ದೇನೆ. ಹಳೇಬೀಡಿಗೆ ನೆತ್ತಿ ಸುಡುವ ಹೊತ್ತಿಗೆ ಇಳಿಸಿ, ಬರಿಗಾಲಲ್ಲಿ ಓಡಿಸಿ, "ನಲವತ್ತು ನಿಮಿಷ, ಬೇಗ ಬನ್ನಿ" ಅಂದರು. ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲೇ ಗರುಡ ಕಂಬ ಇದೆ. ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ದೊರೆ ಸತ್ತ ಮೇಲೆ ಹೆಂಡತಿ, ಸಂಗಡಿಗರ ಸಮೇತ ಪ್ರಾಣ ಕೊಟ್ಟ ಕಥೆ ಅದರ ಮೇಲೆ ಕನ್ನಡದಲ್ಲೇ ಕೊರೆದಿದೆ. ತಲೆ ಕತ್ತರಿಸಿಕೊಳ್ಳುವ ವೀರರ ಚಿತ್ರವೂ ಇದೆ. ನಮ್ಮ ಬಸ್ಸಿನವರು ಅದಕ್ಕೆ ಒರಗಿ ಸೆಲ್ಫಿ ತೆಗೆದುಕೊಂಡರು. ಹತ್ತಿರದಲ್ಲೇ ಬಸ್ತಿಹಳ್ಳಿ. 1133ರ ಪಾರ್ಶ್ವನಾಥ ಬಸದಿ, ಕನ್ನಡಿಯಂತೆ ಮುಖ ಕಾಣುವ ಕಂಬಗಳು. ಬಸ್ಸು ಆ ಕಡೆ ತಿರುಗಲೇ ಇಲ್ಲ. ಹಾಸನದವರೊಬ್ಬರನ್ನು ಮೊದಲೇ ಕೇಳಿದ್ದರೆ "ಮೂರೂ ಒಂದೇ ದಿನ ಬೇಡ, ಹಳೇಬೀಡಿಗೆ ಬೆಳಗ್ಗೆಯೇ ಹೋಗಿ" ಅನ್ನುತ್ತಿದ್ದರು. ಅಷ್ಟೇ ಮಾತು. ಎರಡು ನಿಮಿಷದ ಫೋನು.

"ಆ ಊರಿನವರು ಕಮಿಷನ್ ಹೊಡೆಯುತ್ತಾರೆ, ಗೊತ್ತಿರುವ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ." ಹೋಗಲಿ ಬಿಡಿ! ಹೋಟೆಲ್ ಬುಕಿಂಗ್ ಆ್ಯಪ್ ಏನು ಧರ್ಮಕ್ಕೆ ನಡೆಯುತ್ತದಾ? ಅದಕ್ಕೆ ಕಮಿಷನ್ ಕೊಡುವಾಗ ಬರದ ಹೊಟ್ಟೆನೋವು, ಒಂದಿಡೀ ದಿನ ನಿಮ್ಮ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿದವರಿಗೆ ದುಡ್ಡು ಕೊಡುವಾಗ ಯಾಕೆ ಬರುತ್ತದೆ? ಫೋನಿನಲ್ಲೇ ರೇಟ್ ಕೇಳಿ, ಮಾತಾಡಿ, ಕೊಡಿ. ಅವರ ತಿಳುವಳಿಕೆ ಏನು ಬಿಟ್ಟಿ ಬಂತಾ?

"ಪ್ಲಾನ್ ಇಲ್ಲದೆ ಸುಮ್ನೆ ಹೊರಡುವುದೇ ಮಜಾ" ಅನ್ನುವವರೂ ಇದ್ದೀರಿ. ಗೊತ್ತು ನನಗೆ ನಿಮ್ಮ ಮಜಾ. ರಾತ್ರಿ ಹನ್ನೊಂದಕ್ಕೆ ರೂಮ್ ಸಿಗದೆ ಬಸ್ ಸ್ಟ್ಯಾಂಡಿನಲ್ಲಿ ಕೂತು, ಬೆಳಗ್ಗೆ ಎದ್ದು "ಅನುಭವ" ಅಂತ ಸ್ಟೇಟಸ್ ಹಾಕುವುದು.

"ನಮಗೆ ಅಲ್ಲಿ ಯಾರೂ ಪರಿಚಯ ಇಲ್ಲ." ಕನ್ನಡಿಗರಾಗಿ ಈ ಮಾತು ಆಡಬೇಡಿ. ನಿಮ್ಮ ಆಫೀಸಿನಲ್ಲಿ ಒಬ್ಬರಾದರೂ ಮಂಗಳೂರಿನವರಿಲ್ಲವಾ? ಬೀದಿ ತುದಿಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರ ಊರು ಯಾವುದು ಅಂತ ಯಾವತ್ತಾದರೂ ಕೇಳಿದ್ದೀರಾ? ಕೇಳಿ ನೋಡಿ. ಅಣ್ಣ, ತಮ್ಮ, ಭಾವ, ಭಾವನ ತಮ್ಮ, ಎಲ್ಲರ ನಂಬರೂ ಬರುತ್ತದೆ.

ಏನೋ ಇನ್ನೂ ಬರೆದುಕೊಂಡಿದ್ದೆ. ಹೋಮ್‌ಸ್ಟೇ ಬಗ್ಗೆ ಏನೋ ಪಾಯಿಂಟ್ ಇತ್ತು, ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ. ಬಿಡಿ. ಫೋನ್ ಮಾಡಿ, ಫೋನ್ ಮಾಡಿ, ಫೋನ್ ಮಾಡಿ! ಎಡಿಟರ್, ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಪ್ಪ, ಕೆಂಪು ಬಣ್ಣದಲ್ಲಿ.

ಕಾಮೆಂಟ್ ಹಾಕಿದ ಬ್ರೋ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಿಂದಲೇ ಈ ವಾರದ ಎಪಿಸೋಡ್ ಆಯಿತು. ಮುಂದಿನ ವಾರ ಕಂಬಳದ ಕನೆಹಲಗೆ ಎಂಬ ಓಟದ ಬಗ್ಗೆ. ಕೋಣ ಓಡುವಾಗ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು, ಅದರ ಕಥೆಯೇ ಬೇರೆ. ಮೆಂಬರ್ ಆದವರಿಗೆ ಒಂದು ದಿನ ಮೊದಲೇ ಸಿಗುತ್ತದೆ. ಚಾನೆಲ್ ಮಗ್ ಕೇಳಿದವರಿಗೆ ಉತ್ತರ: ಬಿಳಿಯದು ಖಾಲಿ, ಕಪ್ಪು ಮಾತ್ರ ಇದೆ, ಲಿಂಕ್ ಕೆಳಗಡೆ.