ಯಾರನ್ನೂ ಕೇಳದೆ ಸತ್ತವನನ್ನು ಕರೆದಳು: ಸಬ್ರೀನಾ ಒಂಬತ್ತನೇ ಎಪಿಸೋಡ್ ವಿಮರ್ಶೆ

[ಪರದೆ ಮೇಲೆ: ಕತ್ತಲಾದ ಗಣಿಯ ಬಾಯಿ. ಸಂಗೀತ ಇಲ್ಲ.]

ನಮಸ್ಕಾರ. ಇವತ್ತು ಇಡೀ ಸರಣಿಯ ಬಗ್ಗೆ ಮಾತಾಡುವುದಿಲ್ಲ. ಒಂದೇ ಒಂದು ಎಪಿಸೋಡ್. 'ಚಿಲ್ಲಿಂಗ್ ಅಡ್ವೆಂಚರ್ಸ್ ಆಫ್ ಸಬ್ರೀನಾ', ಒಂಬತ್ತನೇ ಅಧ್ಯಾಯ, 'ದಿ ರಿಟರ್ನ್ಡ್ ಮ್ಯಾನ್'.

ಈ ಸರಣಿಯಲ್ಲಿ ಒಟ್ಟು 36 ಎಪಿಸೋಡ್‌ಗಳಿವೆ. ಅಷ್ಟರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಇದರಲ್ಲಿ ಕೊರತೆಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಸಬ್ರೀನಾ ಅನ್ನುವ ಹುಡುಗಿ ಎಂಥವಳು ಅಂತ ಗೊತ್ತಾಗಬೇಕಾದರೆ ಈ ಎಪಿಸೋಡನ್ನು ಬಿಟ್ಟು ಆಗುವುದಿಲ್ಲ.

ಒಂದು ಎಚ್ಚರಿಕೆ. ಮೊದಲ ಸೀಸನ್ನಿನ ಕಥೆ ಪೂರ್ತಿ ಬಯಲಾಗುತ್ತದೆ. ನೋಡಿಲ್ಲದವರು ವಿಡಿಯೋ ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

[ಪರದೆ ಮೇಲೆ: ಸರಣಿಯ ಪೋಸ್ಟರ್]

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಸಬ್ರೀನಾ ಹೊಸ ಪಾತ್ರ ಅಲ್ಲ. 1962ರಲ್ಲಿ ಆರ್ಚಿ ಕಾಮಿಕ್ಸ್‌ನಲ್ಲಿ ಹುಟ್ಟಿದವಳು. 1996ರಿಂದ 2003ರವರೆಗೆ ಅವಳ ಮೇಲೆ ಒಂದು ನಗೆ ಸರಣಿ ಬಂತು. ಮಾತಾಡುವ ಬೆಕ್ಕು, ಎಡವಟ್ಟು ಮಂತ್ರಗಳು, ಕೊನೆಗೆ ಎಲ್ಲವೂ ಸರಿ. 2018ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಸಬ್ರೀನಾ ಬೇರೆಯೇ ತರ. ರೊಬರ್ಟೊ ಅಗೀರೆ-ಸಕಾಸಾ ಇದನ್ನು ಭಯಾನಕ ಕಥೆಯಾಗಿ ಕಟ್ಟಿದರು. ಇಲ್ಲಿನ ಮಾಟಗಾತಿಯರು ಸೈತಾನನನ್ನು ಪೂಜಿಸುತ್ತಾರೆ. ಹದಿನಾರನೇ ಹುಟ್ಟುಹಬ್ಬದಂದು ಅವನ ಪುಸ್ತಕದಲ್ಲಿ ಸಹಿ ಹಾಕಬೇಕು. ಶಕ್ತಿ ಸಿಗುತ್ತದೆ, ಸ್ವಾತಂತ್ರ್ಯ ಹೋಗುತ್ತದೆ.

ಸಬ್ರೀನಾಳ ಅಪ್ಪ ಮಾಂತ್ರಿಕ, ಅಮ್ಮ ಸಾಮಾನ್ಯ ಮನುಷ್ಯಳು. ಅವಳು ಸಹಿ ಹಾಕುವುದಿಲ್ಲ. ಶಕ್ತಿಯೂ ಬೇಕು, ಸ್ವಾತಂತ್ರ್ಯವೂ ಬೇಕು ಅನ್ನುತ್ತಾಳೆ. ನನ್ನ ಬದುಕನ್ನು ನನ್ನ ಒಪ್ಪಿಗೆ ಇಲ್ಲದೆ ಬೇರೆಯವರು ತೀರ್ಮಾನ ಮಾಡುವ ಹಾಗಿಲ್ಲ ಅನ್ನುವುದು ಅವಳ ಹಟ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಒಂಬತ್ತನೇ ಎಪಿಸೋಡ್ ನಿಂತಿರುವುದೇ ಇದರ ಮೇಲೆ.

[ಪರದೆ ಮೇಲೆ: ಹಾರ್ವಿ ಮತ್ತು ಟಾಮಿ]

ಸಬ್ರೀನಾಳ ಪ್ರಿಯಕರ ಹಾರ್ವಿ ಕಿಂಕಲ್. ಗಣಿ ಕೆಲಸದ ಕುಟುಂಬದವನು. ಅಪ್ಪ ಕಠೋರ. ಮನೆಯಲ್ಲಿ ಅವನಿಗೆ ಆಸರೆ ಅಂತ ಇರುವುದು ಅಣ್ಣ ಟಾಮಿ ಒಬ್ಬನೇ. ಮಾಟದ ಶಾಲೆಯ ಅಗಾಥಾ ಮತ್ತು ಡಾರ್ಕಸ್ ತಮ್ಮ ವಿದ್ಯೆ ಬಳಸಿ ಗಣಿ ಕುಸಿಯುವಂತೆ ಮಾಡುತ್ತಾರೆ. ಟಾಮಿ ಸಾಯುತ್ತಾನೆ.

ಎಂಟನೇ ಎಪಿಸೋಡ್‌ನಲ್ಲಿ ಸಬ್ರೀನಾ ಒಂದು ತೀರ್ಮಾನಕ್ಕೆ ಬರುತ್ತಾಳೆ. ಟಾಮಿಯನ್ನು ವಾಪಸ್ ತರುತ್ತೇನೆ. ನಿಯಮ ಏನೆಂದರೆ ಒಂದು ಜೀವ ಬೇಕಾದರೆ ಒಂದು ಜೀವ ಕೊಡಬೇಕು. ಅವಳು ಅದಕ್ಕೊಂದು ಉಪಾಯ ಹುಡುಕುತ್ತಾಳೆ. ಅಗಾಥಾಳ ಕುತ್ತಿಗೆ ಕೊಯ್ಯುತ್ತಾಳೆ. ಹೌದು, ನಾಯಕಿಯೇ ಕೊಯ್ಯುತ್ತಾಳೆ. ಆಮೇಲೆ ಅಗಾಥಾಳ ದೇಹವನ್ನು ಸಬ್ರೀನಾಳ ಕುಟುಂಬವಾದ ಸ್ಪೆಲ್‌ಮನ್ ಮನೆಯ ಅಂಗಳದ 'ಕೇನ್ ಪಿಟ್'ನಲ್ಲಿ ಹೂಳುತ್ತಾರೆ. ಅದು ಮಾಯೆಯ ಮಣ್ಣು. ಅಲ್ಲಿ ಹೂತ ಮಾಟಗಾತಿ ಮತ್ತೆ ಎದ್ದು ಬರುತ್ತಾಳೆ. ಅಗಾಥಾಳೂ ಎದ್ದು ಬರುತ್ತಾಳೆ. ಸಾವಿಗೆ ಕೊಡಬೇಕಾದದ್ದನ್ನು ಕೊಟ್ಟ ಹಾಗೂ ಆಯಿತು, ಕೊಟ್ಟದ್ದನ್ನು ಕಿತ್ತುಕೊಂಡ ಹಾಗೂ ಆಯಿತು.

ಇಲ್ಲಿ ಬರಹಗಾರರನ್ನು ಮೆಚ್ಚಲೇಬೇಕು. ಕೇನ್ ಪಿಟ್ ನಮಗೆ ಮೊದಲು ಪರಿಚಯ ಆಗುವುದು ತಮಾಷೆಯಾಗಿ. ಸಬ್ರೀನಾಳನ್ನು ಸಾಕಿದ ಅತ್ತೆ ಜೆಲ್ಡಾಗೆ ಸಿಟ್ಟು ಬಂದರೆ ತಂಗಿ ಹಿಲ್ಡಾಳನ್ನು ಕೊಂದು ಅಲ್ಲಿ ಹೂಳುತ್ತಾಳೆ. ಹಿಲ್ಡಾ ಮೈಗೆಲ್ಲಾ ಮಣ್ಣು ಮೆತ್ತಿಕೊಂಡು ಎದ್ದು ಬರುತ್ತಾಳೆ. ನಾವು ನಗುತ್ತೇವೆ. ಸಾವು ಅಂದರೆ ಈ ಮನೆಯಲ್ಲಿ ಇಷ್ಟೇ ಅಂದುಕೊಳ್ಳುತ್ತೇವೆ. ಸಬ್ರೀನಾ ಅದೇ ಮನೆಯಲ್ಲಿ ಬೆಳೆದವಳು. ಅವಳೂ ಹಾಗೇ ಅಂದುಕೊಂಡಿದ್ದಾಳೆ. ನಮ್ಮ ನಗುವನ್ನೇ ಅವಳ ಕುರುಡುತನಕ್ಕೆ ಬಳಸಿಕೊಂಡಿದ್ದಾರೆ.

[ಪರದೆ ಮೇಲೆ: ಕಿಂಕಲ್ ಮನೆ, ರಾತ್ರಿ]

ಈಗ ಒಂಬತ್ತನೇ ಎಪಿಸೋಡ್. ಟಾಮಿ ಮನೆಗೆ ಬಂದಿದ್ದಾನೆ. ಉಸಿರಾಡುತ್ತಾನೆ, ಕೂರುತ್ತಾನೆ, ನೋಡುತ್ತಾನೆ. ಮಾತಿಲ್ಲ. ಕಣ್ಣಲ್ಲಿ ಯಾರೂ ಇಲ್ಲ.

1902ರಲ್ಲಿ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ 'ದಿ ಮಂಕೀಸ್ ಪಾ' ಕಥೆ ಓದಿದವರಿಗೆ ಈ ಜಾಡು ಗೊತ್ತು. ಮೂರು ಕೋರಿಕೆ ಈಡೇರಿಸುವ ಕೋತಿಯ ಪಂಜವೊಂದರ ಹತ್ತಿರ, ಸತ್ತ ಮಗ ಮತ್ತೆ ಬರಲಿ ಅಂತ ತಂದೆ ತಾಯಿ ಕೋರಿಕೊಳ್ಳುತ್ತಾರೆ. ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ. ತಾಯಿ ಬಾಗಿಲು ತೆಗೆಯುವ ಮೊದಲೇ ತಂದೆ ಕೊನೆಯ ಕೋರಿಕೆ ಬಳಸಿಬಿಡುತ್ತಾನೆ. ಬಾಗಿಲ ಆಚೆ ಏನು ನಿಂತಿತ್ತು ಅಂತ ನಮಗೆ ಕೊನೆವರೆಗೂ ಗೊತ್ತಾಗುವುದಿಲ್ಲ. ಆ ಕಥೆಯ ಶಕ್ತಿಯೇ ಅದು. ಈ ಎಪಿಸೋಡ್ ಅದರ ಉಲ್ಟಾ ದಾರಿ ಹಿಡಿಯುತ್ತದೆ. ಬಾಗಿಲು ತೆಗೆಯುತ್ತದೆ, ಬಂದವನನ್ನು ಒಳಗೆ ಕೂರಿಸುತ್ತದೆ, ಅವನ ಜೊತೆ ದಿನ ಕಳೆಯುವುದು ಹೇಗಿರುತ್ತದೆ ಅಂತ ತೋರಿಸುತ್ತದೆ.

ಮತ್ತೆ, ಇದರಲ್ಲಿ ಭಯಕ್ಕಿಂತ ಜಾಸ್ತಿ ಇರುವುದು ನೋವು. ಹಾರ್ವಿಗೆ ಖುಷಿಯೋ ಖುಷಿ. ಅಣ್ಣ ಬದುಕಿ ಬಂದ. ಮಾತಾಡುತ್ತಿಲ್ಲ ಅಂದರೆ ಗಣಿಯ ಆಘಾತ ಇರಬೇಕು, ಸಮಯ ಕೊಟ್ಟರೆ ಸರಿ ಹೋಗುತ್ತಾನೆ. ಹಾರ್ವಿಯ ಕಡೆಯಿಂದ ನೋಡಿದರೆ ಇದು ಸರಿಯಾದ ಯೋಚನೆಯೇ. ಹಾರ್ವಿಯ ಪಾತ್ರ ಮಾಡಿದ ರಾಸ್ ಲಿಂಚ್ ಇಲ್ಲಿ ತುಂಬಾ ಚೆನ್ನಾಗಿ ಮಾಡಿದ್ದಾರೆ. ಅನುಮಾನ ಮುಖಕ್ಕೆ ಬರುತ್ತದೆ, ಅದನ್ನು ಅವರು ನಗುವಿನಿಂದ ಒತ್ತಿ ಹಿಡಿಯುತ್ತಾರೆ. ಪಕ್ಕದಲ್ಲಿ ಕೂತ ಸಬ್ರೀನಾಗೆ ನಿಜ ಗೊತ್ತು. ಹೇಳುವುದಿಲ್ಲ. ಸಬ್ರೀನಾ ಆಗಿರುವ ಕೀರ್ನನ್ ಶಿಪ್ಕಾ ಈ ಸರಣಿಯಲ್ಲಿ ಹೆಚ್ಚಾಗಿ ಧೈರ್ಯದ, ಚುರುಕು ಹುಡುಗಿಯಾಗಿ ಕಾಣುತ್ತಾರೆ. ಇಲ್ಲಿ ಮಾತ್ರ ಅವರ ಭುಜ ಬಾಗಿದೆ.

[ಪರದೆ ಮೇಲೆ: ಅಗಾಥಾ]

ಅತ್ತ ಅಗಾಥಾಗೆ ಹುಷಾರಿಲ್ಲ. ಬಾಯಿಂದ ಮಣ್ಣು ಕಾರುತ್ತಿದ್ದಾಳೆ. ಕಾರಣ ಸರಳ. ಸಾವು ತನ್ನ ಪಾಲು ಬಿಟ್ಟಿಲ್ಲ. ಟಾಮಿ ಇಲ್ಲಿ ಇರುವಷ್ಟು ಹೊತ್ತು ಅಗಾಥಾ ಸಾಯುತ್ತಾ ಹೋಗುತ್ತಾಳೆ. ಇಬ್ಬರಲ್ಲಿ ಒಬ್ಬರು ಹೋಗಲೇಬೇಕು.

ಇಲ್ಲಿ ನನಗೆ ನಮ್ಮ ಕಚ ದೇವಯಾನಿ ಕಥೆ ನೆನಪಾಗುತ್ತದೆ. ಶುಕ್ರಾಚಾರ್ಯರಿಗೆ ಮೃತಸಂಜೀವಿನಿ ಗೊತ್ತು. ಶಿಷ್ಯ ಕಚನನ್ನು ಅಸುರರು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಈಗ ಕಚ ಬದುಕಬೇಕಾದರೆ ಗುರುವಿನ ಹೊಟ್ಟೆ ಸೀಳಿಕೊಂಡು ಬರಬೇಕು. ಗುರು ಸಾಯಬೇಕು. ಅಲ್ಲೂ ಅದೇ ಲೆಕ್ಕ, ಜೀವಕ್ಕೆ ಜೀವ. ಆದರೆ ಶುಕ್ರಾಚಾರ್ಯರು ತಿಳಿದೇ ಒಪ್ಪುತ್ತಾರೆ. ಹೊಟ್ಟೆಯೊಳಗಿನ ಶಿಷ್ಯನಿಗೆ ಮಂತ್ರ ಕಲಿಸುತ್ತಾರೆ, ಅವನು ಹೊರಗೆ ಬಂದು ಗುರುವನ್ನು ಬದುಕಿಸುತ್ತಾನೆ. ಬೆಲೆ ಕೊಡುವವನಿಗೆ ಏನು ಕೊಡುತ್ತಿದ್ದೇನೆ ಅಂತ ಗೊತ್ತಿತ್ತು. ಹಾಗಾಗಿ ಇಬ್ಬರೂ ಉಳಿದರು.

ಸಬ್ರೀನಾ ಯಾರನ್ನು ಕೇಳಿದಳು? ಅಗಾಥಾಳನ್ನು ಕೇಳಲಿಲ್ಲ. ಅವಳು ಕೊಲೆಗಾರ್ತಿ ನಿಜ, ಆದರೂ ಕೇಳಲಿಲ್ಲ. ಹಾರ್ವಿಯನ್ನು ಕೇಳಲಿಲ್ಲ. ಹೀಗೆ ವಾಪಸ್ ಬರಬೇಕಾ ಅಂತ ಟಾಮಿಯನ್ನು ಕೇಳುವ ದಾರಿಯೇ ಇರಲಿಲ್ಲ. ತನ್ನ ಬದುಕಿನ ಸಹಿ ತನ್ನದೇ ಅಂತ ಸೈತಾನನ ಮುಂದೆ ನಿಂತು ಹೇಳಿದ ಹುಡುಗಿ, ಮೂರು ಜನರ ಪರವಾಗಿ ತಾನೇ ಸಹಿ ಹಾಕಿಬಿಟ್ಟಳು. ಅದೂ ಪ್ರೀತಿಯಿಂದ. ನನ್ನ ಪ್ರಕಾರ ಎಪಿಸೋಡಿನ ಜೀವ ಇರುವುದು ಇಲ್ಲಿ. ಮಾಟ ಕೆಟ್ಟದ್ದು, ಸತ್ತವರನ್ನು ಎಬ್ಬಿಸಬಾರದು ಅನ್ನುವ ಮಾತು ಯಾವ ಭಯಾನಕ ಕಥೆಯಲ್ಲಾದರೂ ಸಿಗುತ್ತದೆ. ಈ ಎಪಿಸೋಡ್ ಅದಕ್ಕಿಂತ ಹತ್ತಿರದ ತಪ್ಪೊಂದನ್ನು ಹಿಡಿದಿದೆ.

ಮೊದಲ ಎಪಿಸೋಡ್ ನೆನಪು ಮಾಡಿಕೊಳ್ಳಿ. ಅಲ್ಲಿ ಸಬ್ರೀನಾ ತಾನು ಮಾಟಗಾತಿ ಅಂತ ಹಾರ್ವಿಗೆ ಹೇಳಿದ್ದಳು. ಅವನು ಗಾಬರಿಯಾದ. ಅವಳು ಮಂತ್ರ ಹಾಕಿ ಅವನ ನೆನಪನ್ನೇ ಅಳಿಸಿದಳು. ಆಗ ನಮಗೆ ಪಾಪ ಅನ್ನಿಸಿದ್ದು ಅವಳ ಮೇಲೆ, ಅಲ್ವಾ? ಒಂಬತ್ತನೇ ಎಪಿಸೋಡ್ ನೋಡಿದ ಮೇಲೆ ಆ ದೃಶ್ಯಕ್ಕೆ ವಾಪಸ್ ಹೋಗಿ ನೋಡಿ. ಅದೇ ತಪ್ಪಿನ ಮೊದಲ ಹೆಜ್ಜೆ ಅದು.

[ಪರದೆ ಮೇಲೆ: ಲಿಂಬೋ]

ಇನ್ನು ಕೊರತೆಗಳು.

ಟಾಮಿಯ ದೇಹ ಮನೆಯಲ್ಲಿ, ಆತ್ಮ ಲಿಂಬೋದಲ್ಲಿ, ಅಂದರೆ ಸತ್ತವರ ಆತ್ಮಗಳು ಸಿಕ್ಕಿಕೊಂಡಿರುವ ನಡುವಿನ ಲೋಕದಲ್ಲಿ. ಸಬ್ರೀನಾ ಅಲ್ಲಿಗೆ ಹೋಗುತ್ತಾಳೆ. ಆತ್ಮಗಳನ್ನು ತಿನ್ನುವ ಒಂದು ಜೀವಿ ಅಲ್ಲಿ ಸುತ್ತುತ್ತಿದೆ. ಅವಳು ಟಾಮಿಯನ್ನು ಹುಡುಕುತ್ತಾಳೆ, ಕರೆತರಲು ಆಗುವುದಿಲ್ಲ. ಇಡೀ ಕಥೆಯ ತಿರುವು ಇದು. ಆದರೆ ಸುಮ್ನೆ ಓಡಿ ಮುಗಿಯುತ್ತದೆ. ಆ ಜೀವಿ ಏನು, ಎಲ್ಲಿಂದ ಬಂತು ಅಂತ ತಿಳಿಯುವಷ್ಟೂ ಸಮಯ ಇಲ್ಲ. ಟಾಮಿ ಅಲ್ಲಿ ತನ್ನ ಬಗ್ಗೆ ನಾಲ್ಕು ಮಾತು ಆಡಿದ್ದರೆ? ಅವನಿಗೆ ಏನು ಬೇಕಿತ್ತು ಅಂತ ಅವನ ಬಾಯಿಂದಲೇ ಕೇಳಬಹುದಿತ್ತು. ಆ ಅವಕಾಶ ಕಳೆದುಕೊಂಡಿದ್ದಾರೆ. ಅಂಚುಗಳೆಲ್ಲಾ ಮಸುಕಾಗಿ ಕಾಣುವ ಈ ಸರಣಿಯ ಛಾಯಾಗ್ರಹಣ ಮೊದಲಿಂದಲೂ ಇದೆ. ಮಾಮೂಲಿ ಜಗತ್ತೂ ಮಸುಕು, ಲಿಂಬೋ ಕೂಡ ಮಸುಕು. ಹೀಗಿರುವಾಗ ಬೇರೆ ಲೋಕಕ್ಕೆ ಬಂದೆವು ಅಂತ ಅನ್ನಿಸುವುದೇ ಇಲ್ಲ.

ಅಲ್ಲಿ ಒಂದು ಕ್ಷಣ ಮಾತ್ರ ಮನಸ್ಸಿನಲ್ಲಿ ನಿಂತಿತು. ಲಿಂಬೋದಲ್ಲಿ ಸಬ್ರೀನಾಗೆ ತನ್ನ ತಾಯಿ ಡಯಾನಾ ಸಿಗುತ್ತಾಳೆ. ತಾಯಿಗೆ ಮಗಳ ಗುರುತು ಸಿಗುವುದಿಲ್ಲ. ನನ್ನ ಮಗು ಎಲ್ಲಿ ಅಂತ ಹುಡುಕುತ್ತಿದ್ದಾಳೆ. ಬೇರೆಯವರ ಅಣ್ಣನನ್ನು ತರಲು ಹೋದವಳು ತನ್ನ ತಾಯಿಯನ್ನು ಅಲ್ಲೇ ಬಿಟ್ಟು ಬರಬೇಕು. ಈ ಎಳೆಯನ್ನು ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ವಿಶೇಷ ಎಪಿಸೋಡ್‌ನಲ್ಲಿ ಮುಂದುವರಿಸಿದ್ದಾರೆ.

ಎರಡನೇ ದೂರು ಅಗಾಥಾ ಬಗ್ಗೆ. ಅವಳು ನರಳುತ್ತಾಳೆ, ಆದರೆ ಅವಳ ನರಳಾಟ ಒಂದು ಗಡಿಯಾರದ ಹಾಗೆ ಅಷ್ಟೇ ಕೆಲಸ ಮಾಡುತ್ತದೆ, ಎಷ್ಟು ಸಮಯ ಉಳಿದಿದೆ ಅಂತ ನಮಗೆ ತಿಳಿಸಲು. ಕುತ್ತಿಗೆ ಕೊಯ್ಸಿಕೊಂಡು, ಮಣ್ಣಿಂದ ಎದ್ದು ಬಂದ ಹುಡುಗಿಗೆ ಆ ಅನುಭವದ ಬಗ್ಗೆ ಹೇಳಲು ಏನೂ ಇರಲಿಲ್ಲವೇ? ಒಪ್ಪಿಗೆಯ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡುವ ಎಪಿಸೋಡ್, ತಾನೂ ಅಗಾಥಾಳನ್ನು ಕೇಳಲು ಮರೆತಿದೆ. ಅಗಾಥಾ ಆಗಿರುವ ಅಡೆಲಿನ್ ರುಡಾಲ್ಫ್ ಒಳ್ಳೆಯ ನಟಿ. ಒಂದು ಪೂರ್ತಿ ದೃಶ್ಯ ಕೊಡಬೇಕಿತ್ತು.

ಮೂರನೆಯದು ಸಬ್ರೀನಾಳ ಟೀಚರ್ ಮಿಸ್ ವಾರ್ಡ್‌ವೆಲ್. ಮಿಶೆಲ್ ಗೋಮೆಜ್ ತೆರೆ ಮೇಲೆ ಬಂದರೆ ಕಣ್ಣು ಬೇರೆ ಕಡೆ ಹೋಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಬ್ರೀನಾಳನ್ನು ಕತ್ತಲ ದಾರಿಗೆ ತಳ್ಳುವ ಸಂಚು ಇವಳದು ಅಂತ ಸೀಸನ್ ಪದೇ ಪದೇ ನೆನಪಿಸುತ್ತದೆ. ಅಷ್ಟರ ಮಟ್ಟಿಗೆ ಸಬ್ರೀನಾಳ ತಪ್ಪು ಹಗುರ ಆಗುತ್ತದೆ. ನನಗೆ ಅದು ಬೇಡವಾಗಿತ್ತು. ಈ ತಪ್ಪು ಪೂರ್ತಿ ಅವಳದ್ದೇ ಆಗಿದ್ದರೆ ಇನ್ನೂ ಬಲ ಇರುತ್ತಿತ್ತು.

[ಪರದೆ ಮೇಲೆ: ಸಬ್ರೀನಾ ಮತ್ತು ಹಾರ್ವಿ, ಮನೆಯ ಹೊರಗೆ]

ಈಗ ಕೊನೆಯ ಭಾಗ. ಈ ಎಪಿಸೋಡನ್ನು ಮೇಲೆತ್ತುವುದು ಇದೇ.

ಬೇರೆ ದಾರಿ ಉಳಿದಿಲ್ಲ. ಸಬ್ರೀನಾ ಹಾರ್ವಿಗೆ ಎಲ್ಲಾ ಹೇಳುತ್ತಾಳೆ. ನಾನು ಮಾಟಗಾತಿ. ಟಾಮಿಯನ್ನು ತಂದದ್ದು ನಾನು. ಅಲ್ಲಿ ಇರುವುದು ಟಾಮಿ ಅಲ್ಲ. ಈ ಸಲ ನೆನಪು ಅಳಿಸುವ ಮಂತ್ರ ಇಲ್ಲ. ಹಾರ್ವಿ ಕೇಳಿಸಿಕೊಂಡದ್ದನ್ನು ಹೊತ್ತುಕೊಂಡೇ ಬದುಕಬೇಕು. ತಮ್ಮನೇ ಬಂದೂಕು ಹಿಡಿಯಬೇಕಾಗುತ್ತದೆ.

ಆ ಹುಡುಗನಿಗೆ ಅಣ್ಣ ಎರಡು ಸಲ ಸತ್ತ. ಮೊದಲ ಸಲ ಗಣಿ ಕೊಂದಿತು ಅಂತ ಅತ್ತು ಸುಧಾರಿಸಿಕೊಳ್ಳಬಹುದಿತ್ತು. ಎರಡನೇ ಸಲ ಅವನ ಕೈಯಿಂದಲೇ ಆಯಿತು. ಸಹಜವಾದ ದುಃಖವೊಂದನ್ನು ಸಬ್ರೀನಾ ಅವನಿಂದ ಕಿತ್ತುಕೊಂಡು, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ದುಃಖವನ್ನು ಕೊಟ್ಟಳು. ಅವನು ಅವಳನ್ನು ಬಿಟ್ಟು ದೂರ ಹೋಗುತ್ತಾನೆ. ಇದನ್ನು ತೆಗೆದ ರೀತಿ ನನಗೆ ತುಂಬಾ ಹಿಡಿಸಿತು. ಹಾರ್ವಿ ಕೂಗಾಡುವುದಿಲ್ಲ, ಅವಳನ್ನು ರಾಕ್ಷಸಿ ಅಂತ ಕರೆಯುವುದಿಲ್ಲ. ಅವಳು ಪ್ರೀತಿಯಿಂದ ಮಾಡಿದಳು ಅನ್ನುವುದು ಅವನಿಗೂ ಗೊತ್ತು. ಗೊತ್ತಿದ್ದೂ ಜೊತೆಗಿರಲು ಆಗುವುದಿಲ್ಲ. ಹದಿಹರೆಯದವರ ಸರಣಿಗಳಲ್ಲಿ ಜೋಡಿಗಳು ತಪ್ಪು ತಿಳುವಳಿಕೆಯಿಂದ ಮುರಿಯುವುದೇ ಜಾಸ್ತಿ. ಇಲ್ಲಿ ಸರಿಯಾಗಿ ತಿಳಿದ ಮೇಲೆ ಮುರಿಯಿತು.

ಇದಾದ ಮೇಲೆ ಹತ್ತನೇ ಎಪಿಸೋಡ್‌ನಲ್ಲಿ ಸಬ್ರೀನಾ ಸೈತಾನನ ಪುಸ್ತಕದಲ್ಲಿ ಸಹಿ ಹಾಕುತ್ತಾಳೆ. ಊರನ್ನು ಉಳಿಸಲು ಅನ್ನುವುದು ಕಥೆಯ ಕಾರಣ. ಆದರೆ ಅವಳ ಕೈ ಅಷ್ಟು ಬೇಗ ಲೇಖನಿಗೆ ಹೋಗಲು ಒಂಬತ್ತನೆಯದೇ ಕಾರಣ ಅಂತ ನಾನು ನಂಬುತ್ತೇನೆ. ಹಾರ್ವಿ ಜೊತೆಗಿದ್ದಿದ್ದರೆ ಅವಳಿಗೆ ಮನುಷ್ಯರ ಲೋಕದಲ್ಲಿ ನಿಲ್ಲಲು ಒಂದು ಜಾಗ ಇರುತ್ತಿತ್ತು. ಆ ಜಾಗ ಈಗ ಇಲ್ಲ.

ಹೊಸದಾಗಿ ನೋಡುವವರಿಗೆ ಒಂದು ಮಾತು. ಏಳನೇ ಎಪಿಸೋಡ್‌ನಿಂದ ಹತ್ತರವರೆಗೆ ಒಂದೇ ಬಾರಿಗೆ ನೋಡಿ. ನಡುವೆ ಬಿಟ್ಟರೆ ಟಾಮಿಯ ಸಾವಿನ ಬಿಸಿ ಆರಿಹೋಗುತ್ತದೆ. ಅದಕ್ಕೂ ಮೊದಲು ಒಂದು ಮತ್ತು ಎರಡು ಕಡ್ಡಾಯ, ಸಹಿಯ ಜಗಳ ಇರುವುದು ಅಲ್ಲೇ. ಮುಂದಿನ ವಿಡಿಯೋದಲ್ಲಿ ಅಗಾಥಾ, ಡಾರ್ಕಸ್ ಜೊತೆಗಾರ್ತಿ ಪ್ರುಡೆನ್ಸ್ ಬಗ್ಗೆ ಮಾತಾಡೋಣ. ಅವಳಿಗೆ ಒಂದು ಪೂರ್ತಿ ವಿಡಿಯೋ ಬೇಕೇ ಬೇಕು.