ಬಲ ಯಾರಿಗಾಗಿ? ಶಕ್ತಿ ತರಬೇತಿ ಮತ್ತು ಕ್ರೈಸ್ತ ವಿಶ್ವಾಸ

ಪ್ರಿಯ ವೀಕ್ಷಕರೇ, ನಮಸ್ಕಾರ. ಜಿಮ್‌ಗೆ ಹೋಗುವ ಕ್ರೈಸ್ತ ಯುವಕ ಯುವತಿಯರಿಗೆ ಮನೆಯ ಹಿರಿಯರು ಆಗಾಗ ನೆನಪಿಸುವ ಒಂದು ವಚನವಿದೆ. ಅಪೊಸ್ತಲ ಪೌಲನು ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ, ಸತ್ಯವೇದದಲ್ಲಿರುವ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ, ದೇಹಸಾಧನೆಯಿಂದ ಸ್ವಲ್ಪ ಮಟ್ಟಿಗೆ ಪ್ರಯೋಜನವಿದೆ, ಭಕ್ತಿಯಿಂದಾದರೋ ಎಲ್ಲ ವಿಧದಲ್ಲಿಯೂ ಪ್ರಯೋಜನವಿದೆ ಎಂಬ ಮಾತು ಬರುತ್ತದೆ. ಇದನ್ನು ಕೇಳಿದವರಲ್ಲಿ ಕೆಲವರು ವ್ಯಾಯಾಮವೇ ವ್ಯರ್ಥವೆಂದುಕೊಳ್ಳುತ್ತಾರೆ. ಇನ್ನು ಕೆಲವರು ಭಾನುವಾರದ ಆರಾಧನೆ ಬೇರೆ, ಉಳಿದ ದಿನಗಳ ಬಾರ್‌ಬೆಲ್ ಬೇರೆ ಎಂದು ಬದುಕನ್ನೇ ಎರಡು ಹೋಳು ಮಾಡಿಕೊಳ್ಳುತ್ತಾರೆ. ಪೌಲನು ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಹೇಳಿದ್ದಾನೆಯೇ ಹೊರತು ದೇಹವನ್ನು ತಾತ್ಸಾರ ಮಾಡಿ ಎಂದು ಹೇಳಿಲ್ಲ. ಗಳಿಸಿದ ಬಲ ಯಾರ ಉಪಯೋಗಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಜಿಮ್ಮೂ ಪ್ರಾರ್ಥನೆಯೂ ಒಂದೇ ಬದುಕಿನೊಳಗೆ ಹೇಗೆ ಸೇರಿಕೊಳ್ಳುತ್ತವೆ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

[ಪರದೆಯ ಮೇಲೆ: ಪ್ರಾಚೀನ ಕೊರಿಂಥದ ಭೂಪಟ]

ಕ್ರೀಡಾಪಟುಗಳ ಬದುಕು ಪೌಲನಿಗೆ ಅಪರಿಚಿತವಾಗಿರಲಿಲ್ಲ. ಕ್ರಿ.ಶ. 50ರ ಆಸುಪಾಸಿನಲ್ಲಿ ಅವನು ಗುಡಾರ ಮಾಡುವ ಕಸುಬಿನಿಂದ ಜೀವನ ಸಾಗಿಸುತ್ತ ಒಂದೂವರೆ ವರ್ಷ ಗ್ರೀಸಿನ ಕೊರಿಂಥದಲ್ಲಿ ನೆಲೆಸಿದ್ದನು. ಆ ನಗರದ ಸಮೀಪದಲ್ಲಿಯೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವರ ತಲೆಗೆ ಎಲೆಗಳಿಂದ ಹೆಣೆದ ಕಿರೀಟವನ್ನು ತೊಡಿಸಲಾಗುತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ, ಬಾಡಿಹೋಗುವ ಕಿರೀಟಕ್ಕಾಗಿಯೇ ಅವರು ಎಲ್ಲ ವಿಷಯಗಳಲ್ಲಿ ಇಷ್ಟು ಮಿತವಾಗಿರುವುದಾದರೆ ಬಾಡದ ಕಿರೀಟವನ್ನು ಎದುರುನೋಡುವ ನಾವು ಹೇಗಿರಬೇಕು ಎಂಬ ಅರ್ಥದಲ್ಲಿ ಅವನು ಬರೆಯುವಾಗ, ಆ ಪಟುಗಳ ಶಿಸ್ತಿನ ಬಗ್ಗೆ ಅವನಿಗಿದ್ದ ಗೌರವ ಎದ್ದು ಕಾಣುತ್ತದೆ. ಅದೇ ಪತ್ರದ 6ನೆಯ ಅಧ್ಯಾಯದಲ್ಲಿ ದೇಹವನ್ನು ಪವಿತ್ರಾತ್ಮನ ಆಲಯವೆಂದು ಕರೆದವನೂ ಅವನೇ. ಜಿಮ್ ಟೀ-ಶರ್ಟುಗಳ ಮೇಲೆ ಈ ಮಾತು ಬೇಕಾದಷ್ಟು ಅಚ್ಚಾಗಿದೆ. ಅದರ ಬೆನ್ನಿಗೇ ಬರುವ, ನೀವು ನಿಮ್ಮ ಸ್ವಂತ ಸೊತ್ತಲ್ಲ ಎಂಬ ಮಾತು ಮಾತ್ರ ಅಷ್ಟಾಗಿ ಕಾಣಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇರುವುದು ಆ ಎರಡನೆಯ ಮಾತಿನಲ್ಲಿ.

[ಪರದೆಯ ಮೇಲೆ: 19ನೆಯ ಶತಮಾನದ ಲಂಡನ್ ಬೀದಿ]

ಈ ತಿಳಿವಳಿಕೆ ಸಂಸ್ಥೆಯ ರೂಪ ಪಡೆದ ಕಥೆ ಸ್ವಾರಸ್ಯಕರವಾಗಿದೆ. 1844ರ ಜೂನ್ 6ರಂದು, ಲಂಡನ್ನಿನ ಬಟ್ಟೆ ಅಂಗಡಿಯೊಂದರ ನೌಕರನಾಗಿದ್ದ 22 ವರ್ಷದ ಜಾರ್ಜ್ ವಿಲಿಯಮ್ಸ್ ತನ್ನ ಜೊತೆಗಾರರೊಂದಿಗೆ ಸೇರಿ ವೈಎಂಸಿಎಯನ್ನು, ಅಂದರೆ ಯುವಕರ ಕ್ರೈಸ್ತ ಸಂಘವನ್ನು, ಆರಂಭಿಸಿದನು. ದಿನವಿಡೀ ಅಂಗಡಿಯಲ್ಲಿ ದುಡಿದು ಅಲ್ಲಿಯೇ ಮಲಗುತ್ತಿದ್ದ ಹುಡುಗರಿಗೆ ಪ್ರಾರ್ಥನೆ ಮತ್ತು ಸತ್ಯವೇದ ಅಧ್ಯಯನದ ಆಸರೆ ಕೊಡುವುದು ಅದರ ಉದ್ದೇಶವಾಗಿತ್ತು. ಆಗ ವ್ಯಾಯಾಮಶಾಲೆಯ ಮಾತೇ ಇರಲಿಲ್ಲ. ಕಾಲು ಶತಮಾನದ ನಂತರ, 1869ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ವೈಎಂಸಿಎ ಕಟ್ಟಡದಲ್ಲಿ ಪ್ರಾರ್ಥನೆಗೂ ಓದಿಗೂ ಇದ್ದಂತೆಯೇ ವ್ಯಾಯಾಮಕ್ಕೂ ಸ್ಥಳ ದೊರೆಯಿತು. 1891ರಲ್ಲಿ ಲೂಥರ್ ಗುಲಿಕ್ ಎಂಬ ವೈದ್ಯರು ಆತ್ಮ, ಮನಸ್ಸು, ದೇಹ ಎಂಬ ಮೂರು ಬದಿಗಳ ತ್ರಿಕೋನವನ್ನು ಸಂಸ್ಥೆಯ ಲಾಂಛನವಾಗಿ ಸೂಚಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಗುಲಿಕ್ ಅವರ ಸೂಚನೆಯ ಮೇರೆಗೆ, ಧರ್ಮಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ಕಟ್ಟಿ, 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತ ತಂಡವನ್ನು ಕರೆದೊಯ್ದರು. ದಕ್ಷಿಣ ಭಾರತದ ಎಷ್ಟೋ ಶಾಲೆಗಳ ದೈಹಿಕ ಶಿಕ್ಷಕರು ಆ ಕಾಲೇಜಿನಿಂದ ಬಂದವರು.

ಈ ಪರಂಪರೆಯನ್ನು ಕಣ್ಣುಮುಚ್ಚಿ ಹೊಗಳಲು ಬರುವುದಿಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ದೇಹಬಲವನ್ನು ಭಕ್ತಿಯೊಂದಿಗೆ ಸೇರಿಸಿ ಬೋಧಿಸಿದ ಹಲವರು ಬಲವೆಂದರೆ ಗಂಡಸುತನ, ಗಂಡಸುತನವೆಂದರೆ ಸಾಮ್ರಾಜ್ಯವನ್ನು ಆಳುವ ಯೋಗ್ಯತೆ ಎಂದು ಭಾವಿಸಿದ್ದರು. ಹೆಣ್ಣುಮಕ್ಕಳಿಗೂ ರೋಗಿಗಳಿಗೂ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಹಾಗಾಗಿ ನನಗೆ ಹೆಚ್ಚು ಹತ್ತಿರವೆನಿಸುವ ಉದಾಹರಣೆ ಒಂದು ಆಸ್ಪತ್ರೆಯದು. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರದಿಂದ ನರಳಿ, ಆಮೇಲೆ ಭಾರ ಎತ್ತುತ್ತ ಚೇತರಿಸಿಕೊಂಡಿದ್ದ ಥಾಮಸ್ ಡಿಲೋರ್ಮ್ ಎಂಬ ವೈದ್ಯರು, ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಶಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ಗಾಯಗೊಂಡ ಸೈನಿಕರ ಮೊಣಕಾಲುಗಳಿಗೆ ಕ್ರಮೇಣ ಹೆಚ್ಚುವ ಭಾರದ ವ್ಯಾಯಾಮವನ್ನು ಕೊಡಲಾರಂಭಿಸಿದರು. ಮುಂದೆ ಅವರು ರೂಪಿಸಿದ ಕ್ರಮ ಸರಳವಾಗಿತ್ತು. ರೋಗಿಯು ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರ ಯಾವುದೆಂದು ಕಂಡುಕೊಂಡು, ಅದರ ಅರ್ಧದಷ್ಟರಿಂದ ಒಂದು ಸೆಟ್ (ಸತತವಾಗಿ ಹತ್ತು ಸಲ ಎತ್ತುವುದು), ಮುಕ್ಕಾಲರಷ್ಟರಿಂದ ಇನ್ನೊಂದು, ಪೂರ್ಣ ಭಾರದಿಂದ ಮೂರನೆಯದನ್ನು ಮಾಡಿಸುತ್ತಿದ್ದರು. ಇಂದು ಜಗತ್ತಿನ ಹಲವು ಜಿಮ್‌ಗಳಲ್ಲಿ ಕಾಣುವ ಮೂರು ಸೆಟ್, ಒಂದೊಂದರಲ್ಲಿ ಹತ್ತು ರೆಪ್ (ಒಂದು ಸಲ ಎತ್ತಿ ಇಳಿಸುವುದು) ಎಂಬ ರೂಢಿಯ ಹಿಂದೆ ಈ ಆಸ್ಪತ್ರೆಯ ಕೆಲಸವಿದೆ. ಶಕ್ತಿ ತರಬೇತಿಯ ವಿಜ್ಞಾನ ಬೆಳೆದದ್ದೇ ನಡೆಯಲಾರದವರನ್ನು ನಡೆಸಲು ಹೊರಟಾಗ ಎಂಬುದು ಕ್ರೈಸ್ತರು ಮರೆಯಬಾರದ ಸಂಗತಿ.

[ಪರದೆಯ ಮೇಲೆ: ಸ್ಕ್ವಾಟ್ ಮಾಡುತ್ತಿರುವ ಒಬ್ಬ ಮಹಿಳೆ, ಪಕ್ಕದಿಂದ]

ವ್ಯಕ್ತಿತ್ವದ ಬೆಳವಣಿಗೆ ಎಲ್ಲಿ ಆಗುತ್ತದೆ ಎಂಬುದನ್ನು ಸ್ಕ್ವಾಟ್‌ನ, ಅಂದರೆ ಭಾರ ಹೊತ್ತು ಮಾಡುವ ಬಸ್ಕಿಯ, ಒಂದೇ ಒಂದು ಸೆಟ್ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಭಾರ ಹೇರಿದ ಬಾರ್ ಈ ಮಹಿಳೆಯ ಬೆನ್ನಿನ ಮೇಲ್ಭಾಗದಲ್ಲಿ ಕೂತಿದೆ. ಅವರು ಉಸಿರು ತುಂಬಿಕೊಂಡು ಹೊಟ್ಟೆಯನ್ನು ಬಿಗಿಹಿಡಿದು ಇಳಿಯುತ್ತಾರೆ. ಮೂರನೆಯ ರೆಪ್‌ವರೆಗೆ ತೊಡೆಗಳು ನೆಲಕ್ಕೆ ಸಮಾನಾಂತರವಾಗಿ ಬರುತ್ತವೆ. ನಾಲ್ಕನೆಯದರಲ್ಲಿ ಆಳ ತುಸು ಕಡಿಮೆಯಾಗುತ್ತದೆ, ಐದನೆಯದರಲ್ಲಿ ಅರ್ಧಕ್ಕೇ ಎದ್ದುಬಿಡುತ್ತಾರೆ. ಈಗ ನೋಟ್‌ಬುಕ್‌ನಲ್ಲಿ ಐದು ಎಂದು ಬರೆದುಕೊಳ್ಳಬೇಕೋ ಮೂರು ಎಂದೋ? ಯಾರೂ ಪರಿಶೀಲಿಸದ ಆ ಸಾಲಿನಲ್ಲಿ ಮೂರು ಎಂದು ಬರೆದು, ಮುಂದಿನ ಬಾರಿ ಎರಡೂವರೆ ಕಿಲೋ ಇಳಿಸಿಕೊಳ್ಳುವ ಮನಸ್ಸು ಪಾಪ ಅರಿಕೆ ಮಾಡಿಕೊಳ್ಳುವ ಮನಸ್ಸಿಗೆ ಬಹಳ ಹತ್ತಿರವಿದೆ. ಸಣ್ಣ ವಿಷಯದಲ್ಲಿ ನಂಬಿಗಸ್ತನಾದವನು ದೊಡ್ಡ ವಿಷಯದಲ್ಲಿಯೂ ನಂಬಿಗಸ್ತನು ಎಂದು ಲೂಕನ ಸುವಾರ್ತೆಯ 16ನೆಯ ಅಧ್ಯಾಯ ಹೇಳುತ್ತದೆ. ಅದನ್ನು ರೂಢಿಸಿಕೊಳ್ಳಲು ಇಷ್ಟು ಸ್ಪಷ್ಟವಾದ ಅವಕಾಶ ದಿನನಿತ್ಯದ ಬದುಕಿನಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆಸರೆ ಕೇಳುವುದೂ ಇಲ್ಲಿಯೇ ಕಲಿಯಬೇಕಾದ ಪಾಠ. ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಬರುವ ಯುದ್ಧದಲ್ಲಿ, ಇಸ್ರಾಯೇಲ್ಯರ ನಾಯಕ ಮೋಶೆ ಕೈಯೆತ್ತಿರುವವರೆಗೆ ಇಸ್ರಾಯೇಲ್ಯರಿಗೆ ಜಯ, ಇಳಿಸಿದರೆ ಅಮಾಲೇಕ್ಯರಿಗೆ ಜಯ. ಅವನ ಕೈಗಳು ಸೋತುಹೋದಾಗ ಆರೋನನೂ ಹೂರನೂ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಆಚೆಗೊಬ್ಬ ಈಚೆಗೊಬ್ಬ ನಿಂತು, ಸೂರ್ಯ ಮುಳುಗುವವರೆಗೂ ಆ ಕೈಗಳನ್ನು ಎತ್ತಿಹಿಡಿದರು. ಬೆಂಚಿನ ಮೇಲೆ ಮಲಗಿ ಭಾರವನ್ನು ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಮಾಡುವಾಗ ತಲೆಯ ಬಳಿ ಒಬ್ಬರು ನಿಲ್ಲಬೇಕೆಂದು ಕೇಳಲು ನಾಚುವವರು ಈ ಪ್ರಸಂಗವನ್ನು ಓದಬೇಕು.

ವಿಶ್ರಾಂತಿಯ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ವ್ಯಾಯಾಮದಿಂದ ದಣಿದ ಸ್ನಾಯು ಬಲಗೊಳ್ಳುವುದು ಊಟ, ನಿದ್ರೆ ಮತ್ತು ಬಿಡುವಿನಲ್ಲಿ. ಏಳರಲ್ಲಿ ಒಂದು ದಿನ ಕೆಲಸ ನಿಲ್ಲಿಸಬೇಕೆಂಬ ಆಜ್ಞೆಯನ್ನು ಪಡೆದವರು ವಾರವಿಡೀ ಬಿಡುವಿಲ್ಲದೆ ದೇಹ ದಂಡಿಸುವುದಕ್ಕೆ ಹೆಮ್ಮೆಪಡಬೇಕಾಗಿಲ್ಲ. ಸಾಯಬೇಕೆಂದು ಬೇಡಿಕೊಂಡು ಜಾಲಿಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟನು.

ಎಚ್ಚರವಹಿಸಬೇಕಾದ ಸಂಗತಿಗಳೂ ಇವೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸವನ್ನು ಕೊಬ್ಬು ಕರಗಿಸುವ ಉಪಾಯವನ್ನಾಗಿ ಮಾಡಿಕೊಂಡರೆ ಉಪವಾಸವೂ ಕೆಡುತ್ತದೆ, ತರಬೇತಿಯೂ ಕೆಡುತ್ತದೆ. ಉಪವಾಸದ ದಿನ ಭಾರ ಇಳಿಸಿ ಅಥವಾ ಕೇವಲ ನಡೆಯಿರಿ. ಬೇಗ ಮೈಕಟ್ಟು ಬರಲೆಂದು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರು ಹೃದಯಕ್ಕೂ ಯಕೃತ್ತಿಗೂ ಹಾನಿ ತಂದುಕೊಳ್ಳುತ್ತಾರೆ, ಮತ್ತು ದೇಹವು ತಮ್ಮ ಸ್ವಂತ ಸೊತ್ತಲ್ಲವೆಂಬ ಮಾತನ್ನು ಅಲ್ಲಿಗೇ ಕೈಬಿಟ್ಟಿರುತ್ತಾರೆ. ಎಲ್ಲಕ್ಕಿಂತ ಅಪಾಯಕಾರಿಯಾದುದು, ಗಟ್ಟಿಮುಟ್ಟಾದ ದೇಹವನ್ನು ಗಟ್ಟಿ ವಿಶ್ವಾಸದ ಗುರುತೆಂದು ತಿಳಿಯುವುದು. ಶರೀರದಲ್ಲಿನ ಮುಳ್ಳೆಂದು ತಾನೇ ಕರೆದ ಬಾಧೆಯನ್ನು ತೆಗೆಯಬೇಕೆಂದು ಪೌಲನು ಮೂರು ಬಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಬಲಹೀನತೆಯಲ್ಲಿಯೇ ಬಲವು ಪೂರ್ಣಗೊಳ್ಳುತ್ತದೆ ಎಂಬ ಉತ್ತರ ಬಂತು. ಕಾಯಿಲೆಯಿಂದ ಹಾಸಿಗೆ ಹಿಡಿದಿರುವ ಸಭೆಯ ಸದಸ್ಯರೊಬ್ಬರಿಗೆ ನಿಮ್ಮ ವಿಶ್ವಾಸ ಸಾಲದು ಎಂದು ಹೇಳುವ ಬಾಯಿಯನ್ನು ಈ ವಚನ ಮುಚ್ಚಿಸಬೇಕು.

ಆರಂಭಿಸುವವರಿಗೆ ವಾರಕ್ಕೆ ಎರಡು ದಿನ ಸಾಕು. ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕನಿಷ್ಠ ಸೂಚಿಸುವುದೂ ಅಷ್ಟನ್ನೇ. ಬಸ್ಕಿ ಅಥವಾ ಸ್ಕ್ವಾಟ್, ನೆಲದಿಂದ ಭಾರ ಎತ್ತುವುದು, ಮುಂದಕ್ಕೆ ತಳ್ಳುವುದು, ಮೈ ಕಡೆಗೆ ಎಳೆಯುವುದು, ಹೊತ್ತು ನಡೆಯುವುದು, ಇವಿಷ್ಟನ್ನು ಸರಿಯಾದ ಭಂಗಿಯಲ್ಲಿ ಕಲಿಯಿರಿ. ಸೆಟ್‌ಗಳ ನಡುವೆ ಸಿಗುವ ಎರಡು ಮೂರು ನಿಮಿಷಗಳಲ್ಲಿ ಮೊಬೈಲನ್ನು ಪಕ್ಕಕ್ಕಿಟ್ಟು, ಒಂದೊಂದು ಬಿಡುವಿಗೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸಬಹುದು.

ಸಭೆಗಳಿಗೂ ನನ್ನದೊಂದು ಕೋರಿಕೆಯಿದೆ. ವಯಸ್ಸಾದಂತೆ ಸ್ನಾಯು ಕರಗುತ್ತ ಹೋಗುತ್ತದೆ, ಬೀಳುವ ಭಯ ಹೆಚ್ಚುತ್ತದೆ, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಜ್ಜಿಯಂದಿರು ಕ್ರಮೇಣ ಬೆಂಚಿನಲ್ಲೇ ಕುಳಿತುಬಿಡುತ್ತಾರೆ. ಜಿಮ್‌ನಲ್ಲಿ ಕಲಿತ ಯುವಕ ಯುವತಿಯರು ವಾರಕ್ಕೆರಡು ಸಂಜೆ ಸಭಾಭವನದ ಗಟ್ಟಿ ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟು, ಹಿರಿಯರಿಗೆ ಕೈ ಊರದೆ ಕೂತು ಏಳುವ ಅಭ್ಯಾಸ ಮಾಡಿಸಲಿ. ಮೊದಲು ಐದು ಬಾರಿ, ಅದು ಸಲೀಸಾದ ಮೇಲೆ ಎಂಟು, ನಂತರ ಹತ್ತು. ಏಳಲು ಕಷ್ಟಪಡುವವರಿಗೆ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರಿಸಿ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ, ಏಳುವಾಗ ಉಸಿರು ಬಿಗಿಹಿಡಿಯದೆ ಹೊರಬಿಡಲಿ, ಮತ್ತು ಪ್ರತಿಯೊಬ್ಬರ ಮುಂದೆಯೂ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬರು ನಿಂತಿರಲಿ.